ಟಿಕ್ ಇಲ್ಲದ 11 ಅರ್ಜಿಗಳು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಫೋನ್ ಬಂದಾಗ ಜಡಿಮಳೆ ಹಿಡಿದಿತ್ತು. "ಎಂತ ಮಾರಾಯ್ರೆ, ನಿಮ್ಮ ಅರ್ಜೀಲಿ 'ಸಲ್ಲಿಸಿ' ಒತ್ತಿದ್ರೆ ಏನೂ ಆಗಲ್ವಲ್ಲ? ಒತ್ತಿ ಒತ್ತಿ ಸಾಕಾಯ್ತು." ಒಂದು ಅಡಿಕೆ ಸೊಸೈಟಿಗೆ ಸದಸ್ಯತ್ವದ ಆನ್‌ಲೈನ್ ಅರ್ಜಿ ಮಾಡಿಕೊಟ್ಟಿದ್ದೆ. ಶಿವಮೊಗ್ಗದ ವಿನೋಬನಗರದ ನನ್ನ ಕೋಣೆಯಲ್ಲಿ ಅದೇ ಅರ್ಜಿ ಹತ್ತಾರು ಸಲ ಸಲೀಸಾಗಿ ಹೋಗಿತ್ತು.

ತಪ್ಪು ಸಿಕ್ಕಿದ್ದು ಸಂಜೆಗೆ. ನಿಯಮಗಳಿಗೆ ಒಪ್ಪಿಗೆ ಅಂತ ಟಿಕ್ ಹಾಕಲು ಬ್ರೌಸರ್ ಕೊಡುವ ಚೆಕ್‌ಬಾಕ್ಸ್ ತೀರಾ ಚಿಕ್ಕದು, ಬೆರಳಿಗೆ ಸಿಗೋದಿಲ್ಲ ಅಂತ ಅದನ್ನು 'ಡಿಸ್‌ಪ್ಲೇ ನನ್' ಹಾಕಿ ಅಡಗಿಸಿ, ಅದರ ಜಾಗದಲ್ಲಿ ದೊಡ್ಡದೊಂದು ಹಸಿರು ಚೌಕ ಬಿಡಿಸಿದ್ದೆ. ಅಡಗಿದ ಚೆಕ್‌ಬಾಕ್ಸಿಗೆ 'ರಿಕ್ವೈರ್ಡ್', ಅಂದರೆ ಟಿಕ್ ಕಡ್ಡಾಯ ಎಂಬ ಗುರುತು, ಇತ್ತು. ಟಿಕ್ ಇಲ್ಲದಿದ್ದರೆ ಬ್ರೌಸರ್ ಅರ್ಜಿಯನ್ನು ತಡೆದು, ಅದರ ಪಕ್ಕದಲ್ಲೇ ಸೂಚನೆ ತೋರಿಸುತ್ತದೆ. ಕಾಣದೇ ಇರುವುದರ ಪಕ್ಕ ಎಲ್ಲಿ ಅಂತ ತೋರಿಸೀತು? ಕ್ರೋಮ್ ಬ್ರೌಸರ್, ಕೋಡ್ ಬರೆಯುವವರು ತಪ್ಪು ಹುಡುಕುವ ಕನ್ಸೋಲಿನಲ್ಲಿ 'ಇಲ್ಲಿಗೆ ಫೋಕಸ್ ಹೋಗುತ್ತಿಲ್ಲ' ಎಂಬರ್ಥದ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಜಗಲಿಯಲ್ಲಿ ಕೂತು ಫೋನ್ ಒತ್ತುವವರು ಕನ್ಸೋಲ್ ಎಲ್ಲಿ ನೋಡ್ತಾರೆ! ಇನ್ನು ನಾನೋ, ಪರೀಕ್ಷೆ ಮಾಡುವಾಗ ಪ್ರತಿಸಲವೂ ಟಿಕ್ ಹಾಕಿಯೇ ಒತ್ತುತ್ತಿದ್ದೆ.

ಅಡಗಿಸುವುದನ್ನು ಬಿಟ್ಟು ಚೆಕ್‌ಬಾಕ್ಸಿನ ಅಪಾಸಿಟಿ ಸೊನ್ನೆ ಮಾಡಿ, ಅಂದರೆ ಪೂರ್ತಿ ಪಾರದರ್ಶಕವಾಗಿಸಿ, ಚೌಕದ ಮೇಲೆ ಅದೇ ಅಳತೆಗೆ ಕೂರಿಸಿದೆ. ಒಪ್ಪಿಗೆಯ ವಾಕ್ಯವನ್ನು ಪೂರ್ತಿ ಲೇಬಲ್ ಒಳಗೆ ತಂದೆ, ಅಕ್ಷರ ಮುಟ್ಟಿದರೂ ಟಿಕ್ ಬೀಳುವ ಹಾಗೆ. ಸೂಚನೆ ಕನ್ನಡದಲ್ಲೇ ಬರಲಿ ಅಂತ 'ಸೆಟ್‌ಕಸ್ಟಮ್‌ವ್ಯಾಲಿಡಿಟಿ' ಬಳಸಿದೆ. ಅಲ್ಲೂ ಒಂದು ಏಟು ತಿಂದೆ: ಟಿಕ್ ಬದಲಾದ ಕೂಡಲೇ ಆ ಸಂದೇಶವನ್ನು ಖಾಲಿ ಮಾಡದಿದ್ದರೆ, ಟಿಕ್ ಹಾಕಿದ ಮೇಲೂ ಅರ್ಜಿ ಜಪ್ಪಯ್ಯ ಅಂದರೂ ಮುಂದೆ ಹೋಗುವುದಿಲ್ಲ.

ಇದು ಸರಿಯಾಯ್ತು ಅನ್ನುವಷ್ಟರಲ್ಲಿ ಡೇಟಾಬೇಸಿನಲ್ಲಿ ಒಪ್ಪಿಗೆಯೇ ಇಲ್ಲದ 11 ಅರ್ಜಿ ಕಣ್ಣಿಗೆ ಬಿದ್ದವು. ಅದಕ್ಕೂ ನನ್ನ ಜಾಣತನವೇ ಕಾರಣ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುತ್ತದಲ್ಲ, ತುಂಬಿದ್ದು ಹಾಳಾಗಬಾರದು ಅಂತ ಅದನ್ನು ಫೋನಿನಲ್ಲೇ ಉಳಿಸಿ, ಸಿಗ್ನಲ್ ಬಂದಾಗ ತಾನಾಗಿ ಕಳಿಸುವ ಕೋಡ್ ಬರೆದಿದ್ದೆ. ಹೆಸರು, ಊರು, ಸರ್ವೆ ನಂಬರ್ ಎಲ್ಲ ಉಳಿಯುತ್ತಿತ್ತು, ಟಿಕ್ ಒಂದು ಬಿಟ್ಟು. ಕಳಿಸುತ್ತಿದ್ದದ್ದು 'ಫಾರ್ಮ್ ಡಾಟ್ ಸಬ್ಮಿಟ್' ಎಂಬ ಆಜ್ಞೆಯ ಮೂಲಕ. ಅದು 'ರಿಕ್ವೈರ್ಡ್' ಇದೆಯಾ ಅಂತ ಕೇಳುವುದೇ ಇಲ್ಲ, ಕೇಳುವುದು 'ರಿಕ್ವೆಸ್ಟ್‌ಸಬ್ಮಿಟ್'.

ಹೋಗಲಿ, ಅರ್ಜಿ ಬಂದು ಸೇರುವ ಸರ್ವರ್ ಆದರೂ ಹಿಡಿಯಬೇಕಿತ್ತು. ಅಲ್ಲಿ 'ಚೆಕ್‌ಬಾಕ್ಸಿನ ವ್ಯಾಲ್ಯೂ ಸೊನ್ನೆ ಇದ್ದರೆ ತಿರಸ್ಕರಿಸು' ಎಂದು ಬರೆದಿದ್ದೆ. ಟಿಕ್ ಇಲ್ಲದ ಚೆಕ್‌ಬಾಕ್ಸ್ ಸೊನ್ನೆಯನ್ನು ಕಳಿಸುವುದಿಲ್ಲ, ಏನನ್ನೂ ಕಳಿಸುವುದಿಲ್ಲ. ಆ ಹೆಸರೇ ಅರ್ಜಿಯಲ್ಲಿ ಇರುವುದಿಲ್ಲ. ಟಿಕ್ ಇದ್ದು ವ್ಯಾಲ್ಯೂ ಕೊಟ್ಟಿರದಿದ್ದರೆ 'ಆನ್' ಅಂತ ಬರುತ್ತದೆ. ಈಗ ನನ್ನ ಸರ್ವರ್ ನಾನು ಕೊಟ್ಟ ವ್ಯಾಲ್ಯೂವೇ ಬಂದಿದೆಯಾ ನೋಡುತ್ತದೆ, ಬಾರದಿದ್ದರೆ ವಾಪಸ್. ಪಿಎಚ್‌ಪಿ ಭಾಷೆಯ ಸಿದ್ಧ ಚೌಕಟ್ಟಾದ ಲಾರಾವೆಲ್ ಬಳಸುವವರಿಗೆ 'ಅಕ್ಸೆಪ್ಟೆಡ್' ಎಂಬ ನಿಯಮ ಸಿದ್ಧವಾಗೇ ಇದೆ. ನಾನು ಬರಿ ಪಿಎಚ್‌ಪಿಯಲ್ಲಿ ಬರೆದವನು.

ಕಾರ್ಯದರ್ಶಿಗಳಿಗೆ ಹೇಳಿದರೆ, "ಟಿಕ್ ನೀವೇ ಮೊದಲೇ ಹಾಕಿಟ್ಬಿಡಿ, ರಗಳೆ ಇರಲ್ಲ" ಅಂದರು. ಒಪ್ಪಲಿಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಅರ್ಜಿದಾರರ ಸ್ಪಷ್ಟ ಕ್ರಿಯೆಯಿಂದ ಬರಬೇಕು, ತಕರಾರು ಬಂದರೆ ಒಪ್ಪಿಗೆ ಪಡೆದದ್ದನ್ನು ಸಾಬೀತು ಮಾಡುವ ಹೊಣೆ ದತ್ತಾಂಶ ತೆಗೆದುಕೊಂಡವರದ್ದು. ಮೊದಲೇ ಹಾಕಿಟ್ಟ ಟಿಕ್ ಒಪ್ಪಿಗೆ ಅಲ್ಲವೆಂದು ಯುರೋಪಿನ ನ್ಯಾಯಾಲಯ 2019ರಲ್ಲೇ ಹೇಳಿದೆ. ಹಾಗಾಗಿ 'ಹೌದು' ಎಂಬುದರ ಜೊತೆಗೆ ಸಮಯವನ್ನೂ, ಅವತ್ತು ತೋರಿಸಿದ ನಿಯಮಗಳ ಆವೃತ್ತಿಯನ್ನೂ ಈಗ ದಾಖಲಿಸುತ್ತೇನೆ.

ಆ 11 ಜನಕ್ಕೆ ನಾನೇ ಫೋನ್ ಮಾಡಿದೆ. ಹತ್ತು ಮಂದಿ "ಆಯ್ತು, ಹಾಕ್ಕೊಳ್ಳಿ" ಅಂದರು. ಹೊಸನಗರ ಕಡೆಯ ಹಿರಿಯರೊಬ್ಬರು ಮಾತ್ರ, "ಎಂತಕ್ಕೆ ಒಪ್ಪಿಗೆ ಅಂತ ಮೊದ್ಲು ಓದಿ ಹೇಳಿ ತಮ್ಮಾ" ಅಂದರು. ಓದಿದೆ. ಸೊಸೈಟಿಯ ನಿಯಮಗಳಿಗೆ ಹೂಂಗುಟ್ಟಿದರು. ಗೊಬ್ಬರ, ಔಷಧಿ ಜಾಹೀರಾತಿನ ಮೆಸೇಜು ಕಳಿಸುವ ಸಾಲು ಬಂತು. "ಅದು ಬ್ಯಾಡ. ಅದಕ್ಕೂ ಇದಕ್ಕೂ ಎಂತ ಸಂಬಂಧ?"

ಮರುದಿನ ಒಂದು ಚೆಕ್‌ಬಾಕ್ಸ್ ಎರಡಾಯಿತು. ಎರಡನೆಯದಕ್ಕೆ 'ರಿಕ್ವೈರ್ಡ್' ಇಲ್ಲ.