ಡ್ರಮ್ಸ್‌ನ ಜಾಡು ಹಿಡಿದು: ಹಳೆಯ ಬ್ರಿಟಿಷ್ ಆಲ್ಬಮ್‌ಗಳನ್ನು ಮತ್ತೆ ಕೇಳುವ ಬಗೆ

ಅರವತ್ತರ ದಶಕದ ಬ್ರಿಟಿಷ್ ಬ್ಲೂಸ್, ಜಾಝ್ ಮತ್ತು ಹಾರ್ಡ್ ರಾಕ್ ಆಲ್ಬಮ್‌ಗಳನ್ನು ಮತ್ತೆ ಕೇಳಲು ಕುಳಿತವರ ಕಿವಿ ಮೊದಲು ಹೋಗುವುದು ಗಿಟಾರಿನ ಕಡೆಗೆ. ಈ ಸಲ ಅದನ್ನು ಬದಿಗಿಟ್ಟು ಡ್ರಮ್ಸ್ ಮತ್ತು ಬೇಸನ್ನು (ತಗ್ಗು ಸ್ವರದ ಗಿಟಾರ್) ಹಿಂಬಾಲಿಸಿ. ಮೂರು ಪ್ರಕಾರಗಳನ್ನೂ ಬೆಸೆದ ಕೊಂಡಿ ಅಲ್ಲಿದೆ. ದುಡಿಕೊಟ್ಟ್ ಪಾಟ್ (ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಹಾಡು) ಕೇಳುತ್ತ ಬೆಳೆದ ಕೊಡಗಿನವರಿಗೆ ಹಾಡಿನ ಜೊತೆಜೊತೆಗೇ ಪೆಟ್ಟನ್ನು ಗಮನಿಸುವುದು ಹೊಸದೇನಲ್ಲ.

ಎಲ್‌ಪಿ (ವಿನೈಲ್ ರೆಕಾರ್ಡು) ಇರುವವರು ಮೊದಲು ಬೂಷ್ಟನ್ನು ನೋಡಿಕೊಳ್ಳಬೇಕು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕವರಿನೊಳಗೆ ತೇವ ನಿಂತು ರೆಕಾರ್ಡಿನ ಮೇಲೆ ಬಿಳಿ ಚುಕ್ಕೆಗಳು ಏಳುತ್ತವೆ. ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ, ನಡುವಿನ ಲೇಬಲ್ ನೆನೆಯದಂತೆ, ಗೀರುಗಳು ಸುತ್ತಿದ ದಿಕ್ಕಿನಲ್ಲೇ ಮೃದುವಾದ ಬಟ್ಟೆಯಿಂದ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ರೆಕಾರ್ಡು ಸೊಟ್ಟಗಾಗುತ್ತದೆ. ಹೆಂಚಿನ ಮೇಲೆ ಮಳೆ ಸುರಿಯುವಾಗ ಬೇಸ್ ಸ್ಪಷ್ಟವಾಗಿ ಕೇಳಿಸದು, ಆಗ ಹೆಡ್‌ಫೋನೇ ಸರಿ.

1966ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿ ಹೊರತಂದ, ಜಾನ್ ಮೇಯಾಲ್ ಮತ್ತು ಎರಿಕ್ ಕ್ಲ್ಯಾಪ್ಟನ್ ಅವರ ‘ಬ್ಲೂಸ್ ಬ್ರೇಕರ್ಸ್’ನಿಂದ ಆರಂಭಿಸುವುದು ಒಳ್ಳೆಯದು. ಮೊದಲ ಹಾಡು ‘ಆಲ್ ಯುವರ್ ಲವ್’ ಷಿಕಾಗೋದ ಓಟಿಸ್ ರಷ್ ಅವರದು. 1958ರ ಮೂಲವನ್ನು ಕೇಳಿದ ಮೇಲೆಯೇ ಇದನ್ನು ಹಾಕಿ. ತೂಗಾಡುವ ಲ್ಯಾಟಿನ್ ಲಯದಲ್ಲಿ ಹೊರಟ ಹಾಡು ನಡುವೆ ಒಮ್ಮೆ ತಡೆದು ನಿಂತು, ಇದ್ದಕ್ಕಿದ್ದಂತೆ ಚುರುಕಾದ ಷಫಲ್‌ಗೆ (ಕುಂಟುನಡೆಯ ಬ್ಲೂಸ್ ಲಯ) ಹೊರಳಿ, ಮತ್ತೆ ಮೊದಲಿನ ನಡೆಗೆ ಮರಳುತ್ತದೆ. ಆ ಹೊರಳುವಿಕೆಯಲ್ಲಿ ಹ್ಯೂಯಿ ಫ್ಲಿಂಟ್ ಅವರ ಡ್ರಮ್ಸ್ ಮತ್ತು ಜಾನ್ ಮೆಕ್‌ವೀ ಅವರ ಬೇಸ್ ಏನು ಮಾಡುತ್ತವೆ ಎಂಬುದನ್ನು ಹಿಡಿಯಲು ಅದೊಂದೇ ಭಾಗವನ್ನು ಹಲವು ಬಾರಿ ಕೇಳಬೇಕಾದೀತು, ಮತ್ತು ಆ ಶ್ರಮ ವ್ಯರ್ಥವಲ್ಲ: ಅದೇ ಲಯದ ಮೇಲೆ ನಿಂತುಕೊಂಡೇ ಕ್ಲ್ಯಾಪ್ಟನ್ ಗಿಟಾರ್ ಅಷ್ಟು ಧೈರ್ಯದಿಂದ ಹಾರುತ್ತದೆ.

ಅನಂತರ ಕ್ರೀಮ್ ತಂಡದ ‘ಡಿಸ್ರೇಲಿ ಗಿಯರ್ಸ್’ (1967). ಅದರ ಬೇಸ್ ವಾದಕ ಜಾಕ್ ಬ್ರೂಸ್ ಮತ್ತು ಡ್ರಮ್ಸ್ ವಾದಕ ಜಿಂಜರ್ ಬೇಕರ್ ಇಬ್ಬರೂ ಜಾಝ್‌ನಲ್ಲಿ ಪಳಗಿದವರು. ‘ಸನ್‌ಶೈನ್ ಆಫ್ ಯುವರ್ ಲವ್’ನಲ್ಲಿ ಬೇಕರ್, ರಾಕ್‌ನ ರೂಢಿಯಂತೆ ಎರಡು ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು ಕೊಡದೆ, ಒಂದು ಮತ್ತು ಮೂರಕ್ಕೆ ಕೊಡುತ್ತಾರೆ. ತೊಡೆಯ ಮೇಲೆ ತಾಳ ಹಾಕಿ ನೋಡಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಶುದ್ಧ ಜಾಝ್‌ಗೆ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ‘ಎಕ್ಸ್‌ಟ್ರಾಪೊಲೇಷನ್’ (1969) ಸಾಕು. ಮುಂದೆ ‘ಶಕ್ತಿ’ ತಂಡದಲ್ಲಿ ಜಾಕೀರ್ ಹುಸೇನ್ ಮತ್ತು ವಿಕ್ಕು ವಿನಾಯಕರಾಮ್ ಅವರೊಂದಿಗೆ ನುಡಿಸಿದವರು ಇವರೇ.

ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬತ್ ತಂಡದ ಮೊದಲ ಆಲ್ಬಮ್ (ಫೆಬ್ರವರಿ 1970) ಕೊನೆಗಿರಲಿ. ಇಷ್ಟು ಕೇಳಿ ಬಂದವರಿಗೆ ಅದರ ಭಾರದ ಅಡಿಯಲ್ಲಿ ಡ್ರಮ್ಸ್ ವಾದಕ ಬಿಲ್ ವಾರ್ಡ್ ಅವರ ಜಾಝ್ ಕೈಚಳಕ ನಿಚ್ಚಳವಾಗಿ ಕೇಳಿಸುತ್ತದೆ. ‘ವಿಕೆಡ್ ವರ್ಲ್ಡ್’ ಆರಂಭವಾಗುವುದೇ ಹೈ-ಹ್ಯಾಟ್‌ನ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ಸ್ವಿಂಗ್‌ನಿಂದ, ಅಂದರೆ ಜಾಝ್‌ನ ತೂಗುವ ಲಯದಿಂದ. ಈ ಹಾಡು ಮೂಲ ಬ್ರಿಟಿಷ್ ಎಲ್‌ಪಿಯಲ್ಲಿರಲಿಲ್ಲ, ಅಮೆರಿಕದ ಆವೃತ್ತಿಯಲ್ಲಿತ್ತು. ಆದ್ದರಿಂದ ಹಳೆಯ ಪ್ರತಿ ಕೊಳ್ಳುವವರು ಹಾಡುಗಳ ಪಟ್ಟಿಯನ್ನು ಓದಿಯೇ ಹಣ ಕೊಡಬೇಕು.