ಕೆಂಪು ವೈನ್‌ಗೂ ಹತ್ತು ನಿಮಿಷ ಐಸ್ ನೀರು

ಗೆಳೆಯರು ಸೇರುವಾಗ ಕಡಿಮೆ ಬೆಲೆಯ ಕೆಂಪು ವೈನ್ ತಂದಿದ್ದರೆ, ತೆರೆಯುವ ಮೊದಲು ಬಾಟಲಿಯನ್ನು ಐಸ್ ಹಾಕಿದ ನೀರಿನ ಬಕೆಟ್‌ನಲ್ಲಿ ಹತ್ತು-ಹದಿನೈದು ನಿಮಿಷ ಕುತ್ತಿಗೆವರೆಗೆ ಮುಳುಗಿಸಿಡಿ. ಬರೀ ಐಸ್ ಸಾಲದು, ನೀರೂ ಬೇಕು. ಗಾಜಿಗೆ ಸುತ್ತಲೂ ತಾಗುವುದು ನೀರೇ. ಕೆಂಪು ವೈನನ್ನು ತಣ್ಣಗೆ ಮಾಡಬಾರದು, ಕೋಣೆಯಲ್ಲಿದ್ದ ಹಾಗೇ ಕುಡಿಯಬೇಕು ಅಂತಾರಲ್ಲ, ಅದು ಯುರೋಪಿನ ಕೋಣೆ, 16–18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಹುಬ್ಬಳ್ಳಿ ಮನೆಯೊಳಗೆ ಹೆಚ್ಚುಕಡಿಮೆ ಅದರ ಎರಡು ಪಟ್ಟು! ವೈನ್ ಬೆಚ್ಚಗಾದಷ್ಟೂ ಆಲ್ಕೋಹಾಲ್ ಘಾಟು ಮೇಲೆದ್ದು ಹಣ್ಣಿನ ರುಚಿ ಮುಚ್ಚಿಹೋಗುತ್ತದೆ. ಬಾಟಲಿ ಕೈಗೆ ತಣ್ಣಗೆ ಅನ್ನಿಸಿದರೆ ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಒಗರು ಮುಂದೆ ಬರುತ್ತದೆ. ಆಗ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸುಮ್ನೆ ಐದು ನಿಮಿಷ ಹರಟೆ ಹೊಡೆಯಿರಿ. ಬಿಸಿಲಿಗೆ ನಿಂತು ಕೆಟ್ಟ, ವಿನೆಗರ್ ವಾಸನೆ ಹೊಡೆಯುವ ಬಾಟಲಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಇನ್ನು ಜೊತೆಗೆ ಗಿರ್ಮಿಟ್, ಮಿರ್ಚಿ ಇದ್ದರೆ ಕೆಂಪು ಬೇಡವೇ ಬೇಡ, ಅದರ ಒಗರಿಗೆ ಬಾಯಿಯ ಖಾರ ಇನ್ನೂ ಏರುತ್ತದೆ. ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ತಗೊಳ್ಳಿ, ಅದನ್ನು ಅರ್ಧ ಗಂಟೆ ಮುಳುಗಿಸಿ.