ಪೊರಕೆ ಮುಟ್ಟದ ದಿನಕ್ಕೆ ಮೊದಲು: ಚೀನೀ ಹೊಸವರ್ಷದ ಮನೆ ತಯಾರಿ

ಚೀನೀ ಹೊಸವರ್ಷ ಜನವರಿ 21ರಿಂದ ಫೆಬ್ರವರಿ 20ರ ಒಳಗೆ ಬೀಳುವ ಅಮಾವಾಸ್ಯೆಯಂದು ಬರುತ್ತದೆ. 2027ರಲ್ಲಿ ಅದು ಫೆಬ್ರವರಿ 6. ಯುಗಾದಿಯ ಹಾಗೆ ಅದೂ ಚಂದ್ರನ ಲೆಕ್ಕವೇ, ಅಧಿಕಮಾಸವೂ ಉಂಟು; ಆದರೆ ಅಮಾವಾಸ್ಯೆಯ ದಿನವೇ ತಿಂಗಳ ಮೊದಲ ದಿನ. ಆ ದಿನ ಕಸ ಗುಡಿಸಬಾರದು, ಚಾಕು ಕತ್ತರಿ ಹಿಡಿಯಬಾರದು, ತಲೆ ತೊಳೆಯಬಾರದು. ಮನೆಗೆ ಬಂದ ಅದೃಷ್ಟ ಅದರ ಜೊತೆಗೇ ಹೋಗುತ್ತದೆ ಎಂಬ ನಂಬಿಕೆ. ಹಾಗಾಗಿ ಕೆಲಸವೆಲ್ಲ ಹಿಂದಿನ ರಾತ್ರಿಯೊಳಗೆ ಮುಗಿಯಬೇಕು. ಇಲ್ಲಿರುವುದು ಉತ್ತರ ಚೀನಾದ ಪದ್ಧತಿ. ದಕ್ಷಿಣದಲ್ಲಿ ಊಟವೂ ಬೇರೆ, ಕೆಲವು ದಿನಗಳೂ ಬೇರೆ.

ಶುರು ಬೆಳ್ಳುಳ್ಳಿಯಿಂದ. ಚೀನೀ ಪಂಚಾಂಗದ 12ನೇ ತಿಂಗಳ 8ನೇ ದಿನ ಎಸಳು ಸುಲಿದು, ಬುಡ ಕತ್ತರಿಸಿ, ಮುಳುಗುವಷ್ಟು ಅಕ್ಕಿ ವಿನಿಗರ್‌ನಲ್ಲಿ ಹಾಕಿ, ಚೂರು ಸಕ್ಕರೆ ಸೇರಿಸಿ ತಂಪಾದ ಕಡೆ ಇಡಬೇಕು. ಹಬ್ಬದ ಹೊತ್ತಿಗೆ ಅದು ಪಚ್ಚೆ ಬಣ್ಣಕ್ಕೆ ತಿರುಗುತ್ತದೆ. ಚಳಿಯಲ್ಲಿ ಇಟ್ಟಿದ್ದ ಬೆಳ್ಳುಳ್ಳಿಯೇ ಬೇಕು. ಆಗತಾನೇ ಕಿತ್ತದ್ದು ಬೆಳ್ಳಗೇ ಉಳಿಯುತ್ತದೆ.

ಅದೇ ತಿಂಗಳ 23ರಂದು ಒಲೆಯ ದೇವರು ಮನೆಯ ವರದಿ ಒಪ್ಪಿಸಲು ಸ್ವರ್ಗಕ್ಕೆ ಹೊರಡುತ್ತಾನೆ. ಮಾಲ್ಟಿನ ಅಂಟುಮಿಠಾಯಿ ನೈವೇದ್ಯವಿಟ್ಟು ಅವನ ಹಳೆಯ ಕಾಗದದ ಚಿತ್ರವನ್ನು ಸುಡುತ್ತಾರೆ. ಬಾಯಿ ಸಿಹಿಯಾಗಲೆಂದೋ, ಅಂಟಿಕೊಂಡು ತೆರೆಯದೇ ಇರಲೆಂದೋ, ಎರಡೂ ವಿವರಣೆ ಚಾಲ್ತಿಯಲ್ಲಿವೆ. ಮರುದಿನದಿಂದ ಧೂಳು ಹೊಡೆಯುವ ಕೆಲಸ.

ಹಬ್ಬದ ಹಿಂದಿನ ದಿನ ಬಾಗಿಲಿಗೆ ಕೆಂಪು ಕಾಗದದ ಮೇಲೆ ಬರೆದ ಹಾರೈಕೆಯ ಜೋಡಿಸಾಲು ಅಂಟಿಸಬೇಕು. ಹೆಚ್ಚು ತಪ್ಪುವುದು ಇಲ್ಲೇ. ಬಾಗಿಲಿಗೆ ಮುಖ ಮಾಡಿ ನಿಂತಾಗ ಮೊದಲ ಸಾಲು ಬಲಕ್ಕೆ, ಎರಡನೆಯದು ಎಡಕ್ಕೆ. ಯಾವುದು ಮೊದಲನೆಯದೆಂದು ಗೊತ್ತಾಗದಿದ್ದರೆ ಕೊನೆಯ ಅಕ್ಷರದ ಸ್ವರ, ಅಂದರೆ ಅದನ್ನು ಉಚ್ಚರಿಸುವಾಗಿನ ದನಿಯ ಏರಿಳಿತ, ನೋಡಿ: ಮೂರನೆಯ ಅಥವಾ ನಾಲ್ಕನೆಯ ಸ್ವರವಾದರೆ ಅದು ಬಲಕ್ಕೆ. ‘ಫು’ ಅಂದರೆ ಭಾಗ್ಯ. ‘ತಲೆಕೆಳಗಾಯಿತು’ ಮತ್ತು ‘ಬಂತು’ ಎರಡಕ್ಕೂ ಚೀನಿಯಲ್ಲಿ ಒಂದೇ ಉಚ್ಚಾರ, ಅದಕ್ಕೇ ಆ ಅಕ್ಷರವನ್ನು ತಲೆಕೆಳಗೆ ಅಂಟಿಸುವ ರೂಢಿ. ಹೆಬ್ಬಾಗಿಲಿಗೆ ಮಾತ್ರ ನೆಟ್ಟಗಿರಲಿ ಎನ್ನುವವರೇ ಹೆಚ್ಚು. ತಲೆಕೆಳಗಾದದ್ದು ಕಪಾಟಿಗೆ, ನೀರಿನ ಹಂಡೆಗೆ. ಮೈದಾ ಗೋಂದು ಬಳಸುವುದಾದರೆ ಬಿಸಿಯಿದ್ದಾಗಲೇ ಹಚ್ಚಿ. ಆ ಚಳಿಯಲ್ಲಿ ತಣ್ಣಗಾದ ಗೋಂದು ಗೋಡೆ ಹಿಡಿಯುವ ಮೊದಲೇ ಹೆಪ್ಪುಗಟ್ಟುತ್ತದೆ. ಸೂತಕದ ಮನೆಯವರು ಆ ವರ್ಷ ಕೆಂಪು ಕಾಗದ ಅಂಟಿಸುವುದಿಲ್ಲ.

ರಾತ್ರಿಯ ಊಟಕ್ಕೆ ಇಡೀ ಮನೆ ಸೇರುತ್ತದೆ. ಮೀನು ಇರಲೇಬೇಕು, ಆದರೆ ಪೂರ್ತಿ ತಿನ್ನಬಾರದು. ‘ಮೀನು’ ಮತ್ತು ‘ಉಳಿಕೆ’ ಎರಡಕ್ಕೂ ಒಂದೇ ಸದ್ದು. ತಟ್ಟೆಯಲ್ಲಿ ಉಳಿದದ್ದು ಮುಂದಿನ ವರ್ಷದ ಸಮೃದ್ಧಿ.

ನಿಜವಾದ ದುಡಿಮೆ ಜಿಯಾವೋಜಿಯದು. ನಮ್ಮ ಕರ್ಜಿಕಾಯಿಯ ಆಕಾರದ ಈ ಕಡುಬು ಹಳೆಯ ಬೆಳ್ಳಿಗಟ್ಟಿಯನ್ನು ಹೋಲುತ್ತದೆ. 500 ಗ್ರಾಂ ಮೈದಾಕ್ಕೆ ಸುಮಾರು 250 ಮಿಲಿ ತಣ್ಣೀರು, ಚಿಟಿಕೆ ಉಪ್ಪು. ಕೈ, ಪಾತ್ರೆ, ಕಣಕ ಮೂರೂ ನುಣುಪಾಗುವವರೆಗೆ ನಾದಿ, ಒದ್ದೆ ಬಟ್ಟೆ ಮುಚ್ಚಿ 30 ನಿಮಿಷ ಬಿಡಿ. ಹೂರಣಕ್ಕೆ 600 ಗ್ರಾಂ ಚೀನೀ ಎಲೆಕೋಸನ್ನು ಸಣ್ಣಗೆ ಕೊಚ್ಚಿ, ಒಂದು ಚಮಚ ಉಪ್ಪು ಬೆರೆಸಿ, 15 ನಿಮಿಷದ ಮೇಲೆ ಗಟ್ಟಿಯಾಗಿ ಹಿಂಡಿ. 400 ಗ್ರಾಂ ಹಂದಿ ಕೈಮಾಕ್ಕೆ ಶುಂಠಿ, ಈರುಳ್ಳಿ ಹೂವು, ಸೋಯಾ ಸಾಸ್ ಹಾಕಿ, ನಾಲ್ಕು ದೊಡ್ಡ ಚಮಚ ನೀರನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಒಂದೇ ದಿಕ್ಕಿಗೆ ತಿರುವಿ. ಕೋಸಿಗೆ ಎಳ್ಳೆಣ್ಣೆ ಸವರಿ ಕಟ್ಟಕಡೆಗೆ ಸೇರಿಸಿ. ಮೊದಲೇ ಬೆರೆಸಿಟ್ಟರೆ ಉಪ್ಪು ನೀರೆಳೆದು ಹೂರಣ ಜೋಲಾಗುತ್ತದೆ, ಅಂಚು ಅಂಟುವುದಿಲ್ಲ.

10 ಗ್ರಾಮಿನ ಉಂಡೆಗಳಾದರೆ 75ರಷ್ಟು ಕಡುಬು. ಲಟ್ಟಿಸುವಾಗ ನಡು ದಪ್ಪ, ಅಂಚು ತೆಳು. ಒಂದರಲ್ಲಿ ಕುದಿಸಿ ತೊಳೆದ ನಾಣ್ಯ ಇಡುವುದು ಹಳೆಯ ರೂಢಿ. ಸಿಕ್ಕಿದವರಿಗೆ ಆ ವರ್ಷ ಅದೃಷ್ಟ. ಹಲ್ಲಿನ ಮೇಲೆ ಪ್ರೀತಿಯಿದ್ದವರು ಕಡಲೆಕಾಯಿ ಬೀಜ ಇಡುತ್ತಾರೆ.

ಬೇಯಿಸುವ ಹೊತ್ತು ರಾತ್ರಿ 11ರಿಂದ 1. ನೀರು ಧಾರಾಳವಾಗಿರಲಿ. ಹಾಕಿದ ಕೂಡಲೇ ಸೌಟಿನ ಬೆನ್ನಿನಿಂದ ತಳವನ್ನು ಮೆಲ್ಲಗೆ ತಳ್ಳಿ, ಇಲ್ಲವಾದರೆ ಹಿಡಿದುಕೊಳ್ಳುತ್ತದೆ. ಕುದಿ ಬಂದಾಗಲೆಲ್ಲ ಅರ್ಧ ಲೋಟ ತಣ್ಣೀರು, ಹೀಗೆ ಮೂರು ಸಲ. ಬಿಡದೆ ಕುದಿದರೆ ಒಳಗಿನದು ಬೇಯುವ ಮೊದಲೇ ಸಿಪ್ಪೆ ಬಿರಿಯುತ್ತದೆ. ಬಿರಿದರೂ ‘ಒಡೆಯಿತು’ ಎನ್ನಬಾರದು, ‘ಝೆಂಗ್’ ಎನ್ನಬೇಕು. ಅದಕ್ಕೆ ‘ಗಳಿಸಿತು’ ಎಂಬ ಅರ್ಥವೂ ಇದೆ. ಜೊತೆಗೆ ಆ ಹಸಿರು ಬೆಳ್ಳುಳ್ಳಿ, ಅದರ ವಿನಿಗರ್.

ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹೊಸ ನೋಟು. ಮೊತ್ತ ಸಮಸಂಖ್ಯೆಯಲ್ಲಿರಲಿ, 4 ಮಾತ್ರ ಬೇಡ, ಅದರ ಸದ್ದು ಸಾವಿಗೆ ಹತ್ತಿರ. ತೆಗೆದುಕೊಳ್ಳುವವರು ಎರಡೂ ಕೈ ಚಾಚಬೇಕು, ಕೊಟ್ಟವರ ಎದುರಿಗೆ ಬಿಚ್ಚಬಾರದು. ರಾತ್ರಿಯಿಡೀ ದೀಪ ಆರಿಸುವುದಿಲ್ಲ.

ಮೊದಲ ದಿನ ಬಟ್ಟಲು ಜಾರಿ ಚೂರಾದರೆ ತಕ್ಷಣ ‘ಸುಯ್ ಸುಯ್ ಪಿಂಗ್ ಆನ್’ ಅನ್ನಿ. ‘ಚೂರು’ ಎಂಬುದೂ ‘ವರ್ಷ’ ಎಂಬುದೂ ಒಂದೇ ಉಚ್ಚಾರ, ಹಾಗಾಗಿ ಅದು ವರ್ಷ ವರ್ಷವೂ ನೆಮ್ಮದಿ ಎಂಬ ಹಾರೈಕೆಯಾಗುತ್ತದೆ. ಚೂರುಗಳನ್ನು ಕೆಂಪು ಕಾಗದದಲ್ಲಿ ಸುತ್ತಿ ಮೂಲೆಗಿಡಿ. ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳು ಗಂಡನೊಂದಿಗೆ ತವರಿಗೆ ಬರುತ್ತಾರೆ. ಐದನೆಯ ದಿನಕ್ಕೆ ನಿಷೇಧಗಳು ಸಡಿಲ: ಕೂಡಿಟ್ಟ ಕಸವನ್ನೆಲ್ಲ ಹೊರಹಾಕಿ, ಮತ್ತೆ ಲಟ್ಟಣಿಗೆ ಹಿಡಿದು ಇನ್ನೊಂದು ಸುತ್ತು ಜಿಯಾವೋಜಿ.